ಸ್ಲೋ ನಿಲ್ಲದ ಗಾಡಿ, ಬೀಳದ ಗೇರು, ನಾನು ಮಗನಿಗೆ ಬೈದಿದ್ದು

ಇವತ್ತು ತೆಂಗಿನ ವಿಷಯ ಅಲ್ಲ, ರಾಗಿ ವಿಷಯನೂ ಅಲ್ಲ. ನಮ್ಮನೆ ಹಳೇ ಕಾರಿನ ವಿಷಯ. ಸ್ವಲ್ಪ ಉದ್ದ ಇದೆ, ಸಂಜೆ ಹಾಲು ಹಾಕಿ ಬಂದು ಕೂತ್ಕೊಂಡು ಓದಿ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು ಸುತ್ತಮುತ್ತ ಇನ್ನೂ ಎಷ್ಟೋ ಮನೆಗಳಲ್ಲಿ ಇಂಥ ಗಾಡಿ ಇದಾವೆ. ಹೋದ ವಾರ ಪಕ್ಕದೂರಿನ ಒಬ್ರು ಸಿಕ್ಕಿ, "ಸ್ಲೋ ನಿಲ್ತಿಲ್ಲ ಕಣಣ್ಣ, ಗೇರೂ ಸರಿಯಾಗಿ ಬೀಳ್ತಿಲ್ಲ, ಗುಜರಿಯವನಿಗೆ ಹೇಳಿಬಿಟ್ಟಿದೀನಿ" ಅಂದ್ರು. ಒಂದು ಭಾನುವಾರ ತಡೀರಿ ಅಂತ ಹೇಳಿ, ನಮ್ಮ ಗಾಡಿ ಕತೆ ಹೇಳ್ದೆ. ಅದನ್ನೇ ಇಲ್ಲಿ ಬರೀತಿದೀನಿ. ಇದರಲ್ಲಿ ಗಾಡಿ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ, ಅದನ್ನೂ ಮುಚ್ಚಿಡಲ್ಲ.

ನಮ್ಮದು 1998ರ ಮಾರುತಿ 800. ಕಾರ್ಬ್ಯುರೇಟರ್ ಗಾಡಿ, ಮೂರು ಸಿಲಿಂಡರ್, 796 ಸಿಸಿ, ನಾಲ್ಕು ಗೇರು. ಈ ಕಾರು ಮೊದಲು ರಸ್ತೆಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಅಂದ್ರೆ ಕಟ್ಟಕಡೆಯ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ನಮ್ಮದಕ್ಕೆ 2013ರಲ್ಲಿ ಹದಿನೈದು ತುಂಬ್ತು. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್, 2018ರಲ್ಲಿ ಒಂದು, 2023ರಲ್ಲಿ ಒಂದು. ಹಿಂದಿನ ಸೀಟು ಮಡಚಿದ್ರೆ ಹಿಂಡಿ ಮೂಟೆ, ತೆಂಗಿನ ಸಸಿ, ಡ್ರಿಪ್ ಪೈಪಿನ ಸುರುಳಿ ಎಲ್ಲಾ ಹಿಡಿಯುತ್ತೆ. ಸೀಟು ಎತ್ತಿ ಒರೆಸಿದ್ರೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಅದೇ.

ತೊಂದ್ರೆ ಶುರುವಾಗಿದ್ದು ಮಳೆಗಾಲ ಮುಗಿಯೋ ಹೊತ್ತಿಗೆ. ಗಾಡಿ ನಿಲ್ಲಿಸಿಕೊಂಡಾಗ ಮೈಯೆಲ್ಲ ನಡುಗೋದು. ಕನ್ನಡಿ, ಡ್ಯಾಶ್‌ಬೋರ್ಡು, ಬಾಗಿಲು ಎಲ್ಲಾ ಗಡಗಡ. ಎಮ್ಮೆ ಕೆರೆಯಿಂದ ಎದ್ದು ಮೈ ಕೊಡವಿದ ಹಾಗೆ. ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗೋದು ಸಹಜ, ಆದ್ರೆ ಇದು ಆ ನಡುಕ ಅಲ್ಲ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಒಂದೆರಡು ಸಲ ಮುಕ್ಕರಿಸಿ ಆಫ್ ಆಗೋದು. ವಿಚಿತ್ರ ಅಂದ್ರೆ ರೋಡಿಗೆ ಬಿದ್ದು ಐವತ್ತರಲ್ಲಿ ಹೋಗ್ತಿದ್ರೆ ಏನೂ ಗೊತ್ತಾಗ್ತಿರಲಿಲ್ಲ. ಪಿಕಪ್ ಮೊದಲಿನ ಹಾಗೇ ಇತ್ತು. ಈ ಒಂದು ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗ ನಾನು ಏನ್ ಮಾಡ್ದೆ? ನಾವೆಲ್ಲ ಮಾಡೋದನ್ನೇ ಮಾಡ್ದೆ. ಸ್ಕ್ರೂಡ್ರೈವರ್ ತಗೊಂಡು ಕಾರ್ಬ್ಯುರೇಟರಿನ ಸ್ಲೋ ಸ್ಕ್ರೂ ಒಂದು ಸುತ್ತು ಏರಿಸ್ದೆ. ಎಂಜಿನ್ ಜೋರಾಗಿ ನಿಂತ್ಕೊಳ್ತು, ಆಫ್ ಆಗೋದು ತಪ್ತು. ಐದು ಪೈಸೆ ಖರ್ಚಿಲ್ಲದೆ ಸರಿ ಮಾಡ್ದೆ ಅಂತ ಮನೇಲಿ ಹೇಳ್ಕೊಂಡು ತಿರುಗಾಡ್ದೆ.

ಒಂದ್ ಹತ್ತು ದಿನ ಆಗಿರಬೇಕು, ಗೇರಿನ ತೊಂದ್ರೆ ಶುರು. ಮೊದಲು ರಿವರ್ಸ್. ಹಾಕೋಕೆ ಹೋದ್ರೆ "ಕರ್ರ್" ಅನ್ನೋ ಸದ್ದು. ಆಮೇಲೆ ಫಸ್ಟ್ ಗೇರೂ ಮುಷ್ಕರ. ಎರಡು ಮೂರು ಸಲ ಕ್ಲಚ್ ತುಳಿದು ಬಿಟ್ಟು ತುಳಿದು ಬಿಟ್ಟು ಮಾಡಿದ್ರೆ ಬೀಳೋದು. ಸ್ಲೋ ತೊಂದ್ರೆ ಎಂಜಿನ್ನಿನದು, ಗೇರ್ ತೊಂದ್ರೆ ಗೇರ್‌ಬಾಕ್ಸಿನದು, ವಯಸ್ಸಾದ ಮೇಲೆ ಒಂದರ ಹಿಂದೆ ಒಂದು ಬರೋದೇ ಅಂದ್ಕೊಂಡೆ. ನಾನು ತಿರುಗಿಸಿದ ಸ್ಕ್ರೂಗೂ ಈ "ಕರ್ರ್"ಗೂ ಸಂಬಂಧ ಇರಬಹುದು ಅಂತ ಕನಸಲ್ಲೂ ಹೊಳೀಲಿಲ್ಲ.

ಅಮ್ಮಂಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ತೋರಿಸ್ಕೊಂಡು ಬರೋಣ ಅಂತ ತಿಪಟೂರಿಗೆ ಹೋಗಿದ್ವಿ. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತ್ವಿ. ಮುಂದಿನ ಗಾಡಿ ಹೊರಟ್ತು, ನಂದು ಫಸ್ಟ್ ಗೇರ್ ಬೀಳ್ತಿಲ್ಲ. ಬಲವಂತ ಮಾಡ್ದೆ, "ಕರ್ರ್" ಅಂದು ಬಿತ್ತು, ಗಾಬರೀಲಿ ಕ್ಲಚ್ ಬಿಟ್ಟೆ, ಎಂಜಿನ್ ಆಫ್. ಹಿಂದೆ ಬಸ್ಸು ಹಾರ್ನ್ ಹೊಡೀತಿದೆ, ಆಟೋದವರು ಪಕ್ಕದಿಂದ ನುಗ್ತಿದಾರೆ, ಅಮ್ಮ ಕಪ್ಪು ಕನ್ನಡಕ ಹಾಕ್ಕೊಂಡು "ಏನಾಯ್ತು ಮಗ, ಏನಾಯ್ತು" ಅಂತ ನನ್ನ ತೋಳು ಹಿಡ್ಕೊಂಡಿದಾರೆ. ಕೊನೆಗೆ ಇಬ್ಬರು ಹುಡುಗರು ತಳ್ಳಿ ಪಕ್ಕಕ್ಕೆ ಹಾಕಿದ್ರು. ಇಪ್ಪತ್ತೈದು ವರ್ಷ ಗಾಡಿ ಓಡಿಸ್ದೋನು ನಡುರೋಡಲ್ಲಿ ಹಾಗೆ ನಿಂತ್ಕೊಂಡಿದ್ದು ನಂಗೆ ತುಂಬ ನಾಚಿಕೆ ಆಯ್ತು.

ಆ ನಾಚಿಕೆ ಎಲ್ಲಾ ಮನೆಗೆ ಬಂದು ಮಗನ ಮೇಲೆ ತೀರಿಸ್ಕೊಂಡೆ. ಅವನು ಡಿಗ್ರಿ ಮುಗಿಸಿ ತೋಟಕ್ಕೇ ಬಂದಿದಾನೆ, ಒಂದು ವರ್ಷದಿಂದ ಗಾಡಿ ಹೆಚ್ಚು ಓಡಿಸ್ತಿರೋನು ಅವನೇ. "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ, ಗೇರ್‌ಬಾಕ್ಸ್ ತಿಂದು ಹಾಕ್ದೆ, ದುಡಿದು ತಂದಿದ್ರೆ ಗೊತ್ತಾಗೋದು" ಅಂತ ಅವರಜ್ಜಿ ಮುಂದೇನೇ ಬೈದೆ. ಅವನು ಏನೋ ಹೇಳೋಕೆ ಬಾಯಿ ತೆಗೆದ. "ಅಪ್ಪ, ಎಂಜಿನ್ ಆಫ್ ಇದ್ದಾಗ ಗೇರು..." ಅಂದ. ನಾನು ಮುಗಿಸೋಕೆ ಬಿಡಲಿಲ್ಲ. ಕೀ ತಂದು ಮೊಳೆಗೆ ನೇತು ಹಾಕಿ ಹೋದ. ಆಮೇಲೆ ಮೂರು ವಾರ ಆ ಕೀ ಮುಟ್ಟಲಿಲ್ಲ.

ಹಿಂಡಿ ಮೂಟೆ ತರೋದೂ ಬೈಕಲ್ಲೇ ಶುರುವಾಯ್ತು. ಒಂದಿನ ಕೆರೆ ಏರಿ ಹತ್ತಿರ ಕೆಸರಲ್ಲಿ ಜಾರಿ ಬಿದ್ದ. ಮೂಟೆ ಕಾಲಿನ ಮೇಲೆ ಬಿದ್ದಿತ್ತು. ಪುಣ್ಯಕ್ಕೆ ಮೂಳೆ ಮುರೀಲಿಲ್ಲ, ಮೊಣಕೈ ತರಚಿ ಮಂಡಿ ಊದ್ಕೊಂಡಿತ್ತು. ಅರಿಶಿನ ಹಚ್ಚುವಾಗ ನಮ್ಮನೆಯವಳು ನನ್ನ ಕಡೆ ನೋಡಿದ ನೋಟಕ್ಕೆ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಗಾಡಿನ ಎರಡು ಕಡೆ ತೋರಿಸಿದ್ದೆ. ಒಬ್ಬರು ಒಂದು ರೌಂಡ್ ಓಡಿಸಿ ನೋಡಿ, "ಗೇರ್‌ಬಾಕ್ಸ್ ಇಳಿಸ್ಬೇಕು, ಕ್ಲಚ್ ಸೆಟ್ ಪೂರ್ತಿ ಹಾಕ್ಬೇಕು, ಹದಿನಾಲ್ಕು ಸಾವಿರ" ಅಂದ್ರು. ಇನ್ನೊಬ್ಬರು ಆಯಿಲ್ ಕಡ್ಡಿ ಎಳೆದು ನೋಡಿದ್ರು. ಆಯಿಲ್ ಕಮ್ಮಿ ಇತ್ತು. "ಎಂಜಿನ್ ಆಯಿಲ್ ಕುಡೀತಿದೆ, ಬೋರ್ ಹೋಗಿದೆ, ಅದಕ್ಕೇ ನಡುಗ್ತಿರೋದು, ಇಪ್ಪತ್ತೆಂಟು ಸಾವಿರ ಆಗುತ್ತೆ" ಅಂದ್ರು. ಎರಡೂ ಸೇರಿ 42,000. ಗುಜರಿಯವನು 22,000 ಕೊಡ್ತೀನಿ ಅಂದ. ಲೆಕ್ಕ ಹಾಕಿದ್ರೆ ಗುಜರಿಗೆ ಹಾಕೋದೇ ವಾಸಿ. ಆದ್ರೆ ಅದು ಹೋದ್ರೆ ಆ ದುಡ್ಡಿಗೆ ಇನ್ನೊಂದು ಗಾಡಿ ಬರಲ್ಲ. ಮೂಟೆ ಬೈಕಲ್ಲೇ, ಅಮ್ಮ ಬಸ್ಸಲ್ಲೇ.

ಆ ಶನಿವಾರ ರಾತ್ರಿ ತೋಟದ ಒಂದು ವಿಷಯ ನೆನಪಾಯ್ತು. ಮೂರು ವರ್ಷದ ಹಿಂದೆ ತಗ್ಗಿನ ಕಡೆ ತೆಂಗಿನ ಗರಿ ಹಳದಿ ಆಗಿದ್ವು. ಗೊಬ್ಬರ ಕಮ್ಮಿ ಅಂತ ಯೂರಿಯ ಹಾಕ್ದೆ, ಇನ್ನೂ ಹಳದಿ ಆಯ್ತು. ಕೊನೆಗೆ ಬುಡ ಅಗೆದು ನೋಡಿದ್ರೆ ನೀರು ನಿಂತು ಬೇರು ಕೊಳೀತಿತ್ತು. ಕಾಲುವೆ ತೆಗೆದ್ಮೇಲೆ ಹಸಿರಾಯ್ತು. ಬುಡ ನೋಡದೇ ಗೊಬ್ಬರ ಸುರಿದಿದ್ದೆ. ಈಗ ಗಾಡಿಗೂ ಅದೇ ಮಾಡೋಕೆ ಹೊರಟಿದೀನಿ ಅನ್ನಿಸ್ತು. ಮಗ ಅರ್ಧಕ್ಕೆ ಬಿಟ್ಟ ಮಾತೂ ನೆನಪಾಯ್ತು. ಬೆಳಗ್ಗೆ ಎದ್ದು ಅವನನ್ನ ಕರೆದೆ. "ಅವತ್ತು ಎಂಜಿನ್ ಆಫ್ ಇದ್ದಾಗ ಅಂತ ಏನೋ ಹೇಳ್ತಿದ್ದೆ, ಏನದು?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ "ಬಾ, ತೋರಿಸ್ತೀನಿ" ಅಂದ.

ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡೋದು

ಎಂಜಿನ್ ಆಫ್ ಇರ್ಲಿ. ಕ್ಲಚ್ ತುಳಿದು ಒಂದು, ಎರಡು, ಮೂರು, ನಾಲ್ಕು, ರಿವರ್ಸ್ ಎಲ್ಲಾ ಹಾಕಿ ನೋಡಿ. ನಮ್ಮ ಗಾಡೀಲಿ ನಾಲ್ಕೂ ಗೇರು ಬೆಣ್ಣೇಲಿ ಕೂದಲು ತೆಗೆದ ಹಾಗೆ ಬಿದ್ವು. ರಿವರ್ಸ್ ಸ್ವಲ್ಪ ಬಿಗಿ, ಆದ್ರೂ ಬಿತ್ತು. ಎಂಜಿನ್ ಸ್ಟಾರ್ಟ್ ಮಾಡಿದ್ರೆ ಮಾತ್ರ ತಕರಾರು.

ಇದರ ಅರ್ಥ ಏನು ನೋಡಿ. ಗೇರ್ ರಾಡ್ ಬಾಗಿದ್ರೆ, ಬುಷ್ ಪೂರ್ತಿ ಸವೆದಿದ್ರೆ, ಎಂಜಿನ್ ಆಫ್ ಇದ್ದಾಗಲೂ ಗೇರ್ ಬಿಗಿಯಾಗೇ ಇರುತ್ತೆ. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಕಷ್ಟ ಅಂದ್ರೆ, ಕ್ಲಚ್ ತುಳಿದ್ರೂ ಎಂಜಿನ್ನಿಂದ ಗೇರ್‌ಬಾಕ್ಸ್ ಪೂರ್ತಿ ಬಿಡಿಸ್ಕೊಳ್ತಿಲ್ಲ ಅನ್ನೋದೇ ಮೊದಲ ಅನುಮಾನ. ಮಗ ಇದನ್ನ ಒಂದು ತಿಂಗಳ ಹಿಂದೇನೇ ಕಂಡುಕೊಂಡಿದ್ದ.

ಖಾತ್ರಿ ಮಾಡ್ಕೊಳ್ಳೋಕೆ ಇನ್ನೊಂದು ಪರೀಕ್ಷೆ. ಎಂಜಿನ್ ಆನ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಪೂರ್ತಿ ತುಳಿದು ಮನಸಲ್ಲೇ ಹತ್ತು ಎಣಿಸಿ. ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ರಿವರ್ಸ್ ಗೇರಿಗೆ ಮುಂದಿನ ಗೇರುಗಳ ಹಾಗೆ ವೇಗ ಹೊಂದಿಸ್ಕೊಳ್ಳೋ ಸಿಂಕ್ರೋ ವ್ಯವಸ್ಥೆ ಇರಲ್ಲ. ಕ್ಲಚ್ ಸರಿಯಾಗಿ ಬಿಡಿಸ್ಕೊಂಡಿದ್ರೆ ಹತ್ತು ಎಣಿಸೋಷ್ಟರಲ್ಲಿ ಒಳಗಿನ ಶಾಫ್ಟ್ ತಿರುಗೋದು ನಿಂತು ಸದ್ದಿಲ್ಲದೆ ಬೀಳಬೇಕು. ಆಗಲೂ "ಕರ್ರ್" ಅಂದ್ರೆ ಶಾಫ್ಟ್ ಇನ್ನೂ ತಿರುಗ್ತಾನೇ ಇದೆ, ಕ್ಲಚ್ ಎಳೀತಿದೆ ಅಂತ ಲೆಕ್ಕ. ನಮ್ಮದು "ಕರ್ರ್" ಅಂತು.

ಹಾಗಂತ ಕ್ಲಚ್ ಪ್ಲೇಟ್ ಹೋಗಿದೆ ಅಂತ ತಕ್ಷಣ ಹೇಳೋಕಾಗಲ್ಲ. ಪ್ಲೇಟ್ ಸವೆದಿದ್ರೆ ಸಾಮಾನ್ಯವಾಗಿ ಉಲ್ಟಾ ಆಗುತ್ತೆ, ಏರಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ನಮ್ಮದು ಏರೆಲ್ಲ ಚೆನ್ನಾಗೇ ಹತ್ತುತಿತ್ತು. ಅಂದ್ರೆ ಮೊದಲು ನೋಡಬೇಕಾದ್ದು ಪೆಡಲ್‌ನಿಂದ ಗೇರ್‌ಬಾಕ್ಸ್ ತನಕ ಹೋಗೋ ಕೇಬಲ್. ಗೇರ್‌ಬಾಕ್ಸ್ ಇಳಿಸೋದು ಆಮೇಲಿನ ಮಾತು.

ಸ್ಲೋ ಯಾಕೆ ನಿಲ್ತಿಲ್ಲ ಅಂತ ಹುಡುಕೋದು

ಮೊದಲು ಪೆಟ್ರೋಲ್. ಈಗ ಬರೋ ಪೆಟ್ರೋಲಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇದೆ. ನಾವು ಬೆಳೆಯೋ ಕಬ್ಬು, ಮುಸುಕಿನ ಜೋಳದಿಂದಲೇ ಮಾಡೋದು ಅದು. ಎಥೆನಾಲ್ ತೇವ ಎಳ್ಕೊಳ್ಳುತ್ತೆ. ನೀರು ಜಾಸ್ತಿ ಸೇರಿದ್ರೆ ಎಥೆನಾಲ್ ಜೊತೆ ಸೇರ್ಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡೀಲಿ ಇದನ್ನ ನೋಡ್ಲೇಬೇಕು. ಗಾಜಿನ ಬಾಟ್ಲಿಗೆ ಸ್ವಲ್ಪ ಪೆಟ್ರೋಲ್ ತಗೊಂಡು, ಬೀಡಿ ಸಿಗರೇಟು ಒಲೆ ಎಲ್ಲದರಿಂದ ದೂರ, ನೆರಳಲ್ಲಿ ಇಟ್ವಿ. ಅರ್ಧ ಗಂಟೆ ಆದ್ರೂ ತಳದಲ್ಲಿ ಬೇರೆ ಪದರ ಕಾಣಲಿಲ್ಲ. ಪೆಟ್ರೋಲ್ ಸರಿ ಇದೆ. ಆದ್ರೆ ಪೆಟ್ರೋಲ್ ಬರೋ ರಬ್ಬರ್ ಪೈಪ್ ಕೈಯಲ್ಲಿ ಬಗ್ಗಿಸಿದ್ರೆ ಬಿರುಕು ಕಾಣ್ತು. ಆ ಕಾಲದ ರಬ್ಬರ್ ಇಷ್ಟು ಎಥೆನಾಲಿಗೆ ಅಂತ ಮಾಡಿದ್ದಲ್ಲ. ನಡುಕಕ್ಕೆ ಕಾರಣ ಅದಲ್ಲದಿದ್ರೂ ಬೆಂಕಿ ಭಯಕ್ಕೆ ಬದಲಾಯಿಸಲೇಬೇಕು ಅಂತ ಬರ್ಕೊಂಡ್ವಿ.

ಎರಡನೇದು, ಮೂರು ಸಿಲಿಂಡರಲ್ಲಿ ಯಾವುದಾದ್ರೂ ಮಲಗಿದೆಯಾ ಅಂತ. ಮೂರರಲ್ಲಿ ಒಂದು ಕೆಲಸ ಮಾಡದಿದ್ರೆ ಮೂರನೇ ಒಂದು ಭಾಗ ಬಲವೇ ಹೋದ ಹಾಗೆ, ಮಿಸ್ಸಿಂಗ್ ಹೊಡೆಯುತ್ತೆ, ಏರಲ್ಲಿ ತಿಣುಕುತ್ತೆ. ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ಗಿನ ವೈರ್ ತೆಗೆದು, ಅದರ ತುದಿಗೆ ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಕಬ್ಬಿಣ ಎಂಜಿನ್ನಿಗೆ ತಾಗೋ ಹಾಗೆ ಇಟ್ಟು, ಆಮೇಲೆ ಸ್ಟಾರ್ಟ್ ಮಾಡಿದ್ವಿ. ಕೈ ಹಾಕಲಿಲ್ಲ, ಆ ಕರೆಂಟ್ ಹೊಡೆದ್ರೆ ತಮಾಷೆ ಅಲ್ಲ. ಹೊಸ ಇಂಜೆಕ್ಷನ್ ಗಾಡಿಗಳಲ್ಲಿ ಇದನ್ನ ಮಾಡ್ಲೇಬೇಡಿ. ಒಂದೊಂದಾಗಿ ಮೂರೂ ನೋಡಿದ್ವಿ. ಯಾವುದು ತೆಗೆದ್ರೂ ಎಂಜಿನ್ ಒಂದೇ ಸಮ ಇನ್ನಷ್ಟು ಕುಸೀತಿತ್ತು. ಅಂದ್ರೆ ಮೂರೂ ದುಡೀತಿವೆ. ಯಾವುದೋ ಒಂದು ತೆಗೆದಾಗ ವ್ಯತ್ಯಾಸವೇ ಕಾಣದಿದ್ರೆ ಆ ಸಿಲಿಂಡರೇ ಮೈಗಳ್ಳ ಅಂತ ಗೊತ್ತಾಗೋದು.

ಪ್ಲಗ್ ಬಿಚ್ಚಿ ಬಣ್ಣ ನೋಡಿದ್ವಿ. ತಿಳಿ ಕಂದು ಬಣ್ಣ ಇದ್ರೆ ಆರೋಗ್ಯ. ಒಣ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಹಸಿ ಇದ್ರೆ ಆಯಿಲ್ ಒಳಗೆ ಬರ್ತಿದೆ, ಬೋರ್ ಬಗ್ಗೆ ಯೋಚಿಸ್ಬೇಕು. ನಮ್ಮದು ಮೂರೂ ಬಿಳಿಚಿಕೊಂಡಿದ್ವು, ಒಣಗಿದ್ವು. ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಗೆಯೂ ನೀಲಿ ಇರಲಿಲ್ಲ. ಹಾಗಾದ್ರೆ ಕಮ್ಮಿ ಆದ ಆಯಿಲ್ ಎಲ್ಲಿ ಹೋಯ್ತು? ಬಗ್ಗಿ ನೋಡಿದ್ರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್‌ನಿಂದ ಜಿನುಗಿ ಎಂಜಿನ್ ಪಕ್ಕದಲ್ಲಿ ಕೆಳಗಿನತನಕ ಜಿಡ್ಡು ಇಳಿದಿತ್ತು. ಎಂಜಿನ್ ಆಯಿಲ್ ಕುಡೀತಿರಲಿಲ್ಲ, ಹೊರಗೆ ಚೆಲ್ತಿತ್ತು. ಇಪ್ಪತ್ತೆಂಟು ಸಾವಿರದ ಬೋರ್ ಕೆಲಸ ಅಲ್ಲಿಗೆ ದೂರ ಆಯ್ತು.

ಮೂರನೇದು ಚೋಕ್. ಎಂಜಿನ್ ಬಿಸಿ ಆದ್ಮೇಲೆ, ಸ್ಲೋನಲ್ಲಿ ನಡುಗ್ತಿರುವಾಗ, ಚೋಕ್ ಸ್ವಲ್ಪವೇ ಎಳೆದು ನೋಡಿ. ಚೋಕ್ ಗಾಳಿ ಕಮ್ಮಿ ಮಾಡುತ್ತೆ. ಎಳೆದಾಗ ಎಂಜಿನ್ ಇನ್ನೂ ಕೆಟ್ಟದಾದ್ರೆ ಮೊದಲೇ ಪೆಟ್ರೋಲ್ ಜಾಸ್ತಿ ಇದೆ ಅಂತ. ನಮ್ಮದು ಚೋಕ್ ಅರ್ಧ ಇಂಚು ಎಳೆದ ಕೂಡಲೇ ನಡುಕ ಅರ್ಧಕ್ಕರ್ಧ ನಿಂತ್ತು. ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡ್ದೆ. ಎಲ್ಲಿಂದಲೋ ಕಳ್ಳ ಗಾಳಿ ನುಗ್ತಿದೆ, ಇಲ್ಲಾಂದ್ರೆ ಸ್ಲೋ ಜೆಟ್ ಕಟ್ಕೊಂಡಿದೆ. ಎರಡರಲ್ಲಿ ಒಂದು.

ಕಳ್ಳ ಗಾಳಿ ಸ್ಲೋನಲ್ಲಿ ಮಾತ್ರ ಯಾಕೆ ತೊಂದ್ರೆ ಕೊಡುತ್ತೆ ಅಂದ್ರೆ, ಡ್ರಿಪ್ ಹಾಕಿಸಿರೋರಿಗೆ ಸುಲಭಕ್ಕೆ ಅರ್ಥ ಆಗುತ್ತೆ. ಲ್ಯಾಟರಲ್ ಪೈಪನ್ನ ಅಳಿಲು ಕಚ್ಚಿ ತೂತು ಮಾಡಿದೆ ಅಂದ್ಕೊಳ್ಳಿ. ಬೋರ್‌ವೆಲ್ ತುಂಬಿ ಹರೀತಿದ್ರೆ ಆ ತೂತು ಲೆಕ್ಕಕ್ಕೇ ಬರಲ್ಲ. ಬೇಸಿಗೇಲಿ ಸಣ್ಣ ನೀರು ಬರುವಾಗ ಅದೇ ತೂತಿಂದ ಕೊನೆ ಗಿಡಕ್ಕೆ ನೀರೇ ಇಲ್ಲ. ಎಂಜಿನ್ ಸ್ಲೋನಲ್ಲಿರುವಾಗ ಕಾರ್ಬ್ಯುರೇಟರಿನ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತೆ, ಒಳಗೆ ಎಳೆತ ಜೋರಾಗಿರುತ್ತೆ, ಬೇಕಾದ ಗಾಳಿ ಕಮ್ಮಿ. ಆಗ ಸಣ್ಣ ತೂತಿಂದ ಬರೋ ಗಾಳಿಯೇ ಲೆಕ್ಕ ತಪ್ಪಿಸುತ್ತೆ. ಆಕ್ಸಿಲರೇಟರ್ ಒತ್ತಿದ್ರೆ ಬಾಗಿಲು ತೆರೆದು ಗಾಳಿ ಪೆಟ್ರೋಲ್ ಎರಡೂ ಧಾರಾಳ, ತೂತು ಮರೆತೇ ಹೋಗುತ್ತೆ. ಐವತ್ತರಲ್ಲಿ ಹೋಗುವಾಗ ಗಾಡಿ ಚೆನ್ನಾಗಿತ್ತು ಅಂದೆನಲ್ಲ, ಅದಕ್ಕೇ.

ಏರ್ ಫಿಲ್ಟರ್ ಡಬ್ಬ ಬಿಚ್ಚಿ, ಟಾರ್ಚ್ ಹಾಕಿ, ಮ್ಯಾನಿಫೋಲ್ಡ್‌ನಿಂದ ಹೊರಡೋ ಒಂದೊಂದು ಸಣ್ಣ ರಬ್ಬರ್ ಪೈಪನ್ನೂ ಬೆರಳಲ್ಲಿ ಒತ್ತಿ ನೋಡಿದ್ವಿ. ಅನುಮಾನ ಇದ್ದ ಜಾಗಕ್ಕೆ ಸೋಪಿನ ನೀರು ಬಿಟ್ವಿ. ದಯವಿಟ್ಟು ಪೆಟ್ರೋಲ್ ಚಿಮುಕಿಸಿ ನೋಡೋ ಕೆಲಸ ಮಾಡ್ಬೇಡಿ, ಬಿಸಿ ಎಂಜಿನ್ ಮೇಲೆ ಅದು ಬೆಂಕಿ. ಕಾರ್ಬ್ಯುರೇಟರಿನ ಹಿಂದೆ ಕೈಗೆ ಸಿಗದ ಜಾಗದಲ್ಲಿ ಒಂದು ಪೈಪು. ಮೇಲಿಂದ ನೋಡಿದ್ರೆ ಚೆನ್ನಾಗೇ ಇದೆ. ಮಗ ಕೆಳಗಿಂದ ಬೆರಳು ಹಾಕಿದ್ರೆ ಉದ್ದಕ್ಕೆ ಸೀಳಿತ್ತು. ಬಿಸಿಗೆ ಒಣಗಿ ಸೌದೆ ಆಗಿತ್ತು. ಅವನು ಬೆರಳಲ್ಲಿ ಸೀಳು ಮುಚ್ಚಿ ಹಿಡಿದ. ಎಂಜಿನ್ನಿನ ನಡುಕ ನಿಂತು, ಸದ್ದು ಭರ್ ಅಂತ ಏರಿತು. ಬೆರಳು ತೆಗೆದ, ಮತ್ತೆ ಗಡಗಡ. ಮತ್ತೆ ಮುಚ್ಚಿದ, ಭರ್.

ಭರ್ ಅಂದಿದ್ದು ಯಾಕೆ ಅಂತ ಹೊಳೆದಾಗ ನಾನು ತಲೆ ಮೇಲೆ ಕೈ ಇಟ್ಕೊಂಡೆ. ತೂತು ಮುಚ್ಚಿದ್ಮೇಲೆ ಎಂಜಿನ್ನಿನ ನಿಜವಾದ ಸ್ಲೋ ಅಷ್ಟು ಜೋರಾಗಿತ್ತು, ಯಾಕಂದ್ರೆ ಸ್ಕ್ರೂ ಏರಿಸಿದ್ದೋನು ನಾನು. ಎಂಜಿನ್ ಬೇಕಾದ್ದಕ್ಕಿಂತ ವೇಗವಾಗಿ ತಿರುಗ್ತಿತ್ತು. ಕೇಬಲ್ ಸಡಿಲ ಆಗಿ ಕ್ಲಚ್ ಮೊದಲೇ ಪೂರ್ತಿ ಬಿಡಿಸ್ಕೊಳ್ತಿರಲಿಲ್ಲ. ಎಂಜಿನ್ ನಿಧಾನಕ್ಕೆ ತಿರುಗುವಾಗ ಗೇರು ಹೇಗೋ ಬೀಳ್ತಿತ್ತು. ವೇಗ ಏರಿಸಿದ್ಮೇಲೆ ಆ ಎಳೆತವೇ "ಕರ್ರ್" ಆಯ್ತು. ಒಂದು ತೊಂದ್ರೇನ ಮುಚ್ಚಿ ಹಾಕೋಕೆ ಹೋಗಿ, ಒಳಗೆ ಮಲಗಿದ್ದ ಇನ್ನೊಂದನ್ನ ನಾನೇ ಎಬ್ಬಿಸಿದ್ದೆ. ಮಗನ ಕಾಲಿಗೂ ಇದಕ್ಕೂ ಏನೂ ಸಂಬಂಧ ಇರಲಿಲ್ಲ.

ಕೊನೇದಾಗಿ ಎಂಜಿನ್ ಕೂತಿರೋ ರಬ್ಬರ್

ರಿವರ್ಸ್ ಸ್ವಲ್ಪ ಬಿಗಿ ಅಂದಿದ್ನಲ್ಲ, ಅದೊಂದು ಉಳಿದಿತ್ತು. ಹ್ಯಾಂಡ್ ಬ್ರೇಕ್ ಹಾಕಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದ್ವಿ. ಮಗ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದು, ಫಸ್ಟ್ ಗೇರಲ್ಲಿ ಕ್ಲಚ್ ಒಂಚೂರು ಬಿಡೋದು, ಮತ್ತೆ ತುಳಿಯೋದು. ಆಮೇಲೆ ರಿವರ್ಸ್‌ನಲ್ಲಿ ಹಾಗೇ. ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಗಾಡಿ ಮುಂದೆ ನಿಲ್ಲಬಾರದು, ಟವಲ್ಲು ಪಂಚೆ ತುದಿ ಬೆಲ್ಟಿನ ಹತ್ತಿರ ಹೋಗಬಾರದು. ಎಂಜಿನ್ ಸ್ವಲ್ಪ ವಾಲೋದು ಸಹಜ. ನಮ್ಮದು ಎತ್ತು ನೊಗ ಕೊಡವಿದ ಹಾಗೆ ಎಗರ್ತಿತ್ತು. ಒಂದು ಮೌಂಟಿಂಗ್ ರಬ್ಬರ್ ಹರಿದು ಕಬ್ಬಿಣದಿಂದ ಬಿಟ್ಕೊಂಡಿತ್ತು. ಮೇಲಿಂದ ಜಿನುಗಿದ ಆಯಿಲ್ ವರ್ಷಗಟ್ಟಲೆ ಅದರ ಮೇಲೇ ಬಿದ್ದು ರಬ್ಬರ್ ಉಬ್ಬಿ ಮೆತ್ತಗಾಗಿತ್ತು.

ಗೇರ್ ಲಿವರ್ ಇರೋದು ಬಾಡಿ ಮೇಲೆ, ಗೇರ್‌ಬಾಕ್ಸ್ ಇರೋದು ಎಂಜಿನ್ ಜೊತೆ, ನಡುವೆ ಒಂದು ರಾಡ್. ಮೌಂಟಿಂಗ್ ಹೋಗಿ ಎಂಜಿನ್ ಒಂದು ಕಡೆ ಕುಸಿದ್ರೆ ರಾಡಿನ ನೇರ ತಪ್ಪುತ್ತೆ, ಗೇರು ಬಿಗಿ ಆಗುತ್ತೆ. ಎಂಜಿನ್ನಿನ ನಡುಕವೂ ರಬ್ಬರಲ್ಲಿ ನಿಲ್ಲದೆ ನೇರವಾಗಿ ಬಾಡಿಗೆ ಬರುತ್ತೆ. ಎಂಜಿನ್ನಿನದೇ ಬೇರೆ, ಗೇರಿನದೇ ಬೇರೆ ಕಾಯಿಲೆ ಅಂದ್ಕೊಂಡಿದ್ದೆ. ಎರಡಕ್ಕೂ ಈ ಒಂದು ರಬ್ಬರ್ ಪಾಲು ಕೊಡ್ತಿತ್ತು.

ಸೋಮವಾರ ಸಾಮಾನು ತಂದು, ಊರಲ್ಲೇ ಟ್ರ್ಯಾಕ್ಟರ್ ಕೆಲಸ ಮಾಡೋ ಹುಡುಗನ ಕೈಲಿ ಹಾಕಿಸಿದ್ವಿ. ಕ್ಲಚ್ ಕೇಬಲ್ ಬಿಚ್ಚಿದಾಗ ಒಳಗಿನ ತಂತಿ ಎಳೆಗಳು ಅರ್ಧ ಕಿತ್ತು ಗುಂಗುರು ಗುಂಗುರಾಗಿದ್ವು. ಇನ್ನೊಂದು ವಾರ ಓಡಿಸಿದ್ರೆ ನಡುದಾರೀಲಿ ಕಿತ್ತು ಹೋಗ್ತಿತ್ತು. ಮೊದಲು ವ್ಯಾಕ್ಯೂಮ್ ಪೈಪ್ ಹಾಕಿ ಸ್ಲೋ ಸ್ಕ್ರೂ ಇಳಿಸಿದ್ವಿ. ಅಷ್ಟಕ್ಕೇ, ಹಳೇ ಕೇಬಲ್ ಇದ್ದಾಗಲೇ, "ಕರ್ರ್" ಸದ್ದು ಮುಕ್ಕಾಲು ಪಾಲು ಕಮ್ಮಿ ಆಯ್ತು. ಕೇಬಲ್, ಮೌಂಟಿಂಗ್ ಆದ್ಮೇಲೆ ಪೂರ್ತಿ ಹೋಯ್ತು.

ಖರ್ಚಿನ ಲೆಕ್ಕ: ವ್ಯಾಕ್ಯೂಮ್ ಪೈಪ್ 60, ಪ್ಲಗ್ ಮೂರಕ್ಕೆ 330, ಕ್ಲಚ್ ಕೇಬಲ್ 380, ಮೌಂಟಿಂಗ್ 650, ಟ್ಯಾಪೆಟ್ ಕವರ್ ಪ್ಯಾಕಿಂಗ್ 150, ಪೆಟ್ರೋಲ್ ಪೈಪ್ 130, ಕೂಲಿ 900. ಒಟ್ಟು 2,600 ರೂಪಾಯಿ. ಇದರಲ್ಲಿ ಪ್ಲಗ್ ಬೇಕಿರಲಿಲ್ಲ, ಬಿಚ್ಚಿದೀವಲ್ಲ ಅಂತ ಹಾಕಿದ್ದು.

ಗ್ಯಾರೇಜಿನವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಒಬ್ಬರು "ಕರ್ರ್" ಕೇಳಿ ಕ್ಲಚ್ ಅಂದ್ರು, ಒಬ್ಬರು ಆಯಿಲ್ ಕಡ್ಡಿ ನೋಡಿ ಬೋರ್ ಅಂದ್ರು. ನಾನೂ ಅವರಿಗೆ ಪೂರ್ತಿ ಹೇಳಿರಲಿಲ್ಲ. ಸ್ಕ್ರೂ ತಿರುಗಿಸಿದ್ದು ಹೇಳಲಿಲ್ಲ, ರೋಡಲ್ಲಿ ಚೆನ್ನಾಗಿ ಹೋಗುತ್ತೆ ಅನ್ನೋದು ಹೇಳಲಿಲ್ಲ. ಡಾಕ್ಟ್ರ ಹತ್ತಿರ ಹೋಗಿ ತಾನೇ ನುಂಗಿದ ಮಾತ್ರೆ ವಿಷಯ ಮುಚ್ಚಿಟ್ಟ ಹಾಗೆ ಆಯ್ತು. ಗ್ಯಾರೇಜಿಗೆ ಹೋಗೋ ಮುಂಚೆ ಒಂದು ಚೀಟೀಲಿ ಬರ್ಕೊಳ್ಳಿ: ಯಾವಾಗಿಂದ, ತಣ್ಣಗಿದ್ದಾಗಲೋ ಬಿಸಿ ಆದ್ಮೇಲೋ, ನಿಂತಾಗಲೋ ಓಡುವಾಗಲೋ, ಎಂಜಿನ್ ಆಫ್ ಇದ್ದಾಗ ಗೇರು ಹೇಗೆ, ಅದಕ್ಕೂ ಮುಂಚೆ ನೀವು ಏನೇನು ಕೈ ಹಾಕಿದ್ರಿ. ಕೊನೇದನ್ನ ನಾಚಿಕೆ ಬಿಟ್ಟು ಬರೀರಿ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಇನ್ನೊಂದು. ಐದು ಸಾಮಾನು ಒಟ್ಟಿಗೆ ಹಾಕಿದ್ರೆ ಸರಿ ಆದ್ರೂ ಯಾವುದರಿಂದ ಅಂತ ಗೊತ್ತಾಗಲ್ಲ, ಮತ್ತೆ ಕೆಟ್ರೆ ಮತ್ತೆ ಐದೂ ಹಾಕ್ಬೇಕು. ಇಷ್ಟೆಲ್ಲ ನೋಡಿದ್ಮೇಲೂ ಎಂಜಿನ್ ಆಫ್ ಇದ್ದಾಗಲೇ ಗೇರು ಬೀಳದಿದ್ರೆ, ಓಡುವಾಗ ಗೇರು ತಾನೇ ಹಾರಿದ್ರೆ, ನೀಲಿ ಹೊಗೆ ಬಂದ್ರೆ, ಆಗ ಗ್ಯಾರೇಜೇ ಸರಿ. ಅದು ನಮ್ಮ ಸ್ಪ್ಯಾನರಿಗೆ ಬಗ್ಗೋ ಕೆಲಸ ಅಲ್ಲ.

ಮಗನ ಹತ್ತಿರ ಏನ್ ಹೇಳ್ಬೇಕು ಅಂತ ಎರಡು ದಿನ ಗೊತ್ತಾಗಲಿಲ್ಲ. ತಪ್ಪಾಯ್ತು ಅನ್ನೋ ಮಾತು ಅಪ್ಪಂದಿರ ಬಾಯಲ್ಲಿ ಬೇಗ ಬರಲ್ಲ, ನಮ್ಮಪ್ಪನ ಬಾಯಲ್ಲಂತೂ ನಾನು ಕೇಳಿಲ್ಲ. ಆದ್ರೆ ಬೈದಿದ್ದು ಅವರಜ್ಜಿ ಮುಂದೆ, ಅದಕ್ಕೇ ಹೇಳೋದೂ ಅವರ ಮುಂದೇನೇ ಹೇಳ್ಬೇಕು ಅಂತ, ರಾತ್ರಿ ಊಟಕ್ಕೆ ಕೂತಾಗ ಹೇಳ್ದೆ. "ಅಮ್ಮ, ಗಾಡಿ ಕೆಡಿಸಿದ್ದು ಇವನಲ್ಲ, ನಾನು ಸ್ಕ್ರೂ ತಿರುಗಿಸಿದ್ದು. ಕಂಡು ಹಿಡಿದಿದ್ದೂ ಇವನೇ" ಅಂದೆ. ಅವನು ತಲೆ ಎತ್ತದೆ ಮುದ್ದೆ ಮುರೀತಾ ಇದ್ದ. ಅಮ್ಮ, "ಅವತ್ತೇ ಅವನು ಏನೋ ಹೇಳೋಕೆ ಬಂದ, ನೀನೇ ಕಣಪ್ಪ ಬಾಯಿ ಮುಚ್ಚಿಸಿದ್ದು" ಅಂದ್ರು. ಕಣ್ಣು ಸರಿ ಕಾಣದಿದ್ರೂ ಅವರಿಗೆ ಎಲ್ಲಾ ಕಂಡಿತ್ತು.

ಯಾರ ತಪ್ಪು ಅಂತ ಹುಡುಕೋಕೆ ಹೋದೆ, ಮೂರು ವಾರ ಹೋಯ್ತು, ಅವನ ಮಂಡಿ ಊದ್ತು. ತೊಂದ್ರೆ ಎಲ್ಲಿದೆ ಅಂತ ಹುಡುಕಿದ್ವಿ, ಒಂದು ಭಾನುವಾರ ಸಾಕಾಯ್ತು.

ಮಾರನೇ ದಿನ ಬೆಳಗ್ಗೆ ನೋಡಿದ್ರೆ ಮೊಳೆ ಮೇಲೆ ಕೀ ಇರಲಿಲ್ಲ. ಹಿಂಡಿ ತರೋಕೆ ಗಾಡಿ ತಗೊಂಡು ಹೋಗಿದ್ದ. ವಾಪಸ್ ಬಂದು ಅಂಗಳದಲ್ಲಿ ನಿಲ್ಲಿಸಿದಾಗ ಎಂಜಿನ್ ಆನ್ ಇದೆಯೋ ಇಲ್ವೋ ಅಂತ ಕಿವಿಗೊಟ್ಟು ಕೇಳಬೇಕಾಯ್ತು. ರಿವರ್ಸ್ ಹಾಕಿ ಕೊಟ್ಟಿಗೆ ಪಕ್ಕಕ್ಕೆ ತಗೊಂಡ. ಸದ್ದೇ ಇಲ್ಲ.

ನಾಳೆ ಪಕ್ಕದೂರಿನವರ ಗಾಡಿ ನೋಡೋಕೆ ಇಬ್ಬರೂ ಹೋಗ್ತಿದೀವಿ. ಗುಜರಿಯವನಿಗೆ ಬುಧವಾರದ ತನಕ ಬರಬೇಡ ಅಂತ ಅವರು ಫೋನ್ ಮಾಡಿ ಹೇಳಿದಾರಂತೆ.